ಬಾವಿ ಮುಚ್ಚಲು ಪರವಾನಗಿ

ಹೋದ ತಿಂಗಳು ಕೊಲ್ಹಾಪುರದಲ್ಲಿ ನೆಂಟರ ಮನೆಗೆ ಹೋದಾಗ ಕೈಗೆ ಒಂದು ತಂಬಿಗೆ ನೀರು ಕೊಟ್ಟರು. ಬಾಯಿಗೆ ಹಿಡಿದ ಕೂಡಲೇ ಲವಂಗದ ವಾಸನೆ ಬಂತು. ನಮ್ಮ ಜೈನರ ಮನೆಗಳಲ್ಲಿ ವ್ರತ ಹಿಡಿದ ಹಿರಿಯರಿದ್ದರೆ ಸೋಸಿದ ನೀರಿಗೆ ಒಂದು ಚಿಟಿಕೆ ಲವಂಗದ ಪುಡಿ ಹಾಕಿಡುತ್ತಾರೆ. ಆ ನೀರು ಇನ್ನೊಂದಿಷ್ಟು ಹೊತ್ತು ಬಳಕೆಗೆ ಬರುತ್ತದೆ ಎಂಬುದು ರೂಢಿ. ಬೇರೆ ಯಾರಿಗಾದರೂ ಆ ವಾಸನೆಗೆ ಜಿನದೇವರ ಬಸ್ತಿ ನೆನಪಾದೀತು, ಮುನಿಗಳು ನೆನಪಾದಾರು. ನನಗೆ ಮಾತ್ರ ಮನೆ ಕಟ್ಟುವ ಪರವಾನಗಿ ನೆನಪಾಗಿ, ಆರಿಹೋಗಿದೆ ಎಂದುಕೊಂಡಿದ್ದ ಸಿಟ್ಟು ಮತ್ತೆ ಹೊಗೆಯಾಡಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಪುಣ್ಯವಂತರು. ಅವರ ಕಾಲದಲ್ಲಿ ಕಟ್ಟುವುದಷ್ಟೇ ಕಷ್ಟವಿತ್ತು.

ನಾವಿರುವುದು ಗಡಿಯಾಚೆ, ಮರಾಠಿ ಸೀಮೆಯ ಇಚಲಕರಂಜಿಯ ಶಹಾಪುರದಲ್ಲಿ. ಇಲ್ಲಿ ಹಗಲೂ ರಾತ್ರಿ ಮಗ್ಗಗಳ ಖಟಖಟ. ಕರೆಂಟು ಹೋಗಿ ಮಗ್ಗ ನಿಂತರೇ ನಮಗೆ ಎಚ್ಚರವಾಗುತ್ತದೆ. ನಮ್ಮ ಮನೆಯವರು, ಶೀತಲ್ ಅಂತ ಅವರ ಹೆಸರು, ಒಂದು ಸಣ್ಣ ಪವರ್‌ಲೂಮ್ ಶೆಡ್ಡು ನಡೆಸುತ್ತಾರೆ. ಶೆಡ್ಡಿಗೆ ಬೆನ್ನು ಹಚ್ಚಿಕೊಂಡು ನಮ್ಮ ಜಾಗ, ಅದರಲ್ಲಿ ಮಾವನವರ ಕಾಲದ ತಗಡಿನ ಮನೆ. ಮನೆಗೆ ಇದ್ದ ಎರಡು ಕಿಟಕಿಗಳೂ ಶೆಡ್ಡಿನ ಗೋಡೆಯ ಕಡೆಗೇ. ಮದುವೆಯಾಗಿ ಬಂದಂದಿನಿಂದ ನಾನು ಕಿಟಕಿಯಲ್ಲಿ ನಿಂತು ಕಂಡದ್ದು ಎಣ್ಣೆಗಪ್ಪು ಹಿಡಿದ ಆ ಒಂದು ಗೋಡೆಯನ್ನು. ಹೊಸ ಮನೆ ಎಂದಾಗ ನಾನು ಕೇಳಿದ್ದು ಒಂದೇ: ರಸ್ತೆಯ ಕಡೆಗೆ ಒಂದು ಸಣ್ಣ ಕೋಣೆ, ಅದಕ್ಕೊಂದು ದೊಡ್ಡ ಕಿಟಕಿ.

ಹಿಂದಿನ ಮೂಲೆಯಲ್ಲಿ, ಶೆಡ್ಡಿನ ಪಕ್ಕಕ್ಕೆ, ಬಾವಿ. ಮಾವನವರೂ ಅವರ ತಮ್ಮ ಆದಪ್ಪ ಕಾಕಾ ಅವರೂ ಹರೆಯದಲ್ಲಿ ಸೇರಿ ತೋಡಿದ ಬಾವಿ ಅದು. ಮಾವನವರು ತೀರಿಕೊಂಡರು, ಕಾಕಾ ಗಡಹಿಂಗ್ಲಜಕ್ಕೆ ಹೋಗಿ ಅಂಗಡಿ ಹಾಕಿದರು, ಬಾವಿ ಅತ್ತೆಯವರ ಪಾಲಿಗೆ ಉಳಿಯಿತು. ಪಾಲಿಗೆ ಎಂದರೆ ಸುಮ್ಮನೆ ಹೇಳುವ ಮಾತಲ್ಲ. ನಮ್ಮತ್ತೆ ಅಕ್ಕಾತಾಯಿ ಒಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ವ್ರತ ತೆಗೆದುಕೊಂಡಿದ್ದರು: ಬಾವಿಯ ನೀರನ್ನಷ್ಟೇ ಕುಡಿಯುವುದು, ಆ ನೀರಿನಲ್ಲಿ ಬೇಯಿಸಿದ್ದನ್ನಷ್ಟೇ ಉಣ್ಣುವುದು, ಅದೂ ಹೊತ್ತು ಮುಳುಗುವ ಮೊದಲು. ನಳದ ನೀರು ಅವರಿಗೆ ನೀರೇ ಅಲ್ಲ. ನಮ್ಮೂರಿನಲ್ಲಿ ನಳಕ್ಕೆ ನೀರು ಬರುವುದೂ ಹಬ್ಬ ಬಂದ ಹಾಗೆ ಅಪರೂಪ, ಅದು ಬೇರೆ ಮಾತು.

ದಿನವೂ ಬಸ್ತಿಗೆ ಹೋಗಿ ಬಂದು ಅವರು ತಾವೇ ನೀರು ಸೇದುತ್ತಿದ್ದರು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತಿದ್ದರು. ಆಮೇಲೆ ಆ ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರಿನಿಂದಲೇ ತೊಳೆದು, ತೊಳೆದ ನೀರನ್ನು ಒಂದು ಸಣ್ಣ ಕೊಡಪಾನಕ್ಕೆ ಹಾಕಿ ಬಾವಿಗೆ ಇಳಿಸುತ್ತಿದ್ದರು. ಇದಕ್ಕೆ ಜಿವಾಣಿ ಎನ್ನುತ್ತಾರೆ. ಬಟ್ಟೆಯಲ್ಲಿ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ಜೀವಗಳು ತಾವು ಬಂದ ನೀರಿಗೇ ಮರಳಿ ಹೋಗಬೇಕು. ಬೇರೆ ನೀರಿಗೆ ಹಾಕಿದರೆ ಸಾಯುತ್ತವೆ. ಮೇಲಿಂದ ಸುರಿಯುವಂತೆಯೂ ಇಲ್ಲ. ಆ ಕೊಡಪಾನದ ಬುಡಕ್ಕೊಂದು ಬಳೆ ಬೆಸೆದಿತ್ತು, ಅದಕ್ಕೊಂದು ಬೇರೆ ದಾರ. ನೀರಿನ ಮಟ್ಟ ಮುಟ್ಟಿದ ಮೇಲೆ ದಾರ ಜಗ್ಗಿದರೆ ಅದು ಅಲ್ಲೇ ಮೆಲ್ಲಗೆ ಬೋರಲಾಗುತ್ತಿತ್ತು. "ಹೋಗ್ರೆವಾ, ನಿಮ್ಮ ಮನಿ ನಿಮಗ," ಎನ್ನುತ್ತಿದ್ದರು ಅತ್ತೆ. ಆ ಜೀವಗಳ ಭಾಗ್ಯ, ತಮ್ಮ ಮನೆಗೆ ಹೋಗಲು ಅವಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

ಒಂದು ಮಳೆಗಾಲ ತಗಡಿನ ಮನೆಯ ಹಿಂಗೋಡೆ ಹೊಟ್ಟೆ ಬಿಟ್ಟಿತು. ಸಂಕ್ರಾಂತಿ ಮುಗಿದ ಮೇಲೆ ಕಟ್ಟಿಯೇಬಿಡುವುದು ಎಂದು ನಿರ್ಧಾರವಾಯಿತು. ನಕಾಶೆ ತೆಗೆಯಲು ಮಾನೆ ಎಂಬ ಹುರುಪಿನ ಇಂಜಿನಿಯರ್ ಸಿಕ್ಕರು. ಯಾವ ತೊಡಕು ಹೇಳಿದರೂ ಅವರ ಬಾಯಲ್ಲಿ ಒಂದೇ ಮರಾಠಿ ಮಾತು: "ಹೋವೂನ್ ಜಾಯೀಲ್." ಆಗಿಬಿಡ್ತದೆ! ಯಾವಾಗ, ಹೇಗೆ, ಯಾರಿಂದ ಎಂದು ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ನಾವೂ ನಂಬಿದೆವು.

ಪರವಾನಗಿಯ ಆಫೀಸಿಗೆ ಮೊದಲ ಸಲ ಹೋದವರು ನಮ್ಮ ಮನೆಯವರು. ಅರ್ಧ ಗಂಟೆಯೊಳಗೆ ಅಲ್ಲಿನ ಕ್ಲರ್ಕನ ಮೇಲೆ ಕೂಗಾಡಿ, ಕಾಗದಗಳನ್ನು ಅಲ್ಲೇ ಬಿಟ್ಟು ಬಂದರು. ಅವರಿಗೆ ಸಿಟ್ಟು ಬಂದರೆ ಬಾಯಿಗೆ ಬರುತ್ತದೆ. ನನ್ನದು ಒಳಗೇ ಕುದಿಯುತ್ತದೆ. ಕುದಿಯುವವರೇ ಆಫೀಸಿಗೆ ಲಾಯಕ್ಕು ಎಂದು ತೀರ್ಮಾನವಾಗಿ ಆ ವರ್ಷವೆಲ್ಲ ನಾನೇ ತಿರುಗಿದೆ.

ಎಲ್ಲ ಈಗ ಆನ್‌ಲೈನ್, ಮನೆಯಲ್ಲೇ ಕೂತು ಪರವಾನಗಿ ಪಡೆಯಿರಿ ಎಂದು ಗೋಡೆಗೆ ಬೋರ್ಡು ಹಚ್ಚಿದ್ದರು. ಅದನ್ನು ಓದಲು ಆಫೀಸಿಗೇ ಹೋಗಬೇಕಿತ್ತು. ಮೊದಲಾದರೆ ಕಾಗದ ಹಿಡಿದುಕೊಂಡು ಹೋಗಬೇಕಿತ್ತಂತೆ. ಈಗ ಕಾಗದವನ್ನು ಕಂಪ್ಯೂಟರಿಗೆ ಹಾಕಬೇಕು, ಹಾಕಿದ್ದನ್ನು ಮತ್ತೆ ಕಾಗದಕ್ಕೆ ಇಳಿಸಬೇಕು, ಇಳಿಸಿದ್ದನ್ನು ಹಿಡಿದುಕೊಂಡು ಹೋಗಬೇಕು. ಒಂದು ದಿನ ಸರ್ವರ್ ಇರುತ್ತಿರಲಿಲ್ಲ, ಸರ್ವರ್ ಇದ್ದ ದಿನ ಸಾಹೇಬರು ಇರುತ್ತಿರಲಿಲ್ಲ, ಇಬ್ಬರೂ ಇದ್ದ ದಿನ ಮಾನೆ ಫೋನ್ ಎತ್ತುತ್ತಿರಲಿಲ್ಲ. ಕ್ಲರ್ಕು ಕೆಟ್ಟವನಲ್ಲ, "ವಹಿನಿ, ಉದ್ಯಾ ಯಾ," ಅತ್ತಿಗೆ, ನಾಳೆ ಬನ್ನಿ ಎಂದು ಎಷ್ಟು ಮರ್ಯಾದೆಯಿಂದ ಹೇಳುತ್ತಿದ್ದನೆಂದರೆ ಮರುದಿನ ಹೋಗದಿದ್ದರೆ ಅವನಿಗೆ ಬೇಜಾರಾದೀತು ಎನಿಸುತ್ತಿತ್ತು. ಯಾರೂ ಲಂಚ ಕೇಳಲಿಲ್ಲ. ಕೇಳಿದ್ದರೆ ಬೈಯಲು ಒಂದು ಮುಖವಾದರೂ ಸಿಗುತ್ತಿತ್ತು.

ಕೊನೆಗೊಮ್ಮೆ ಕಂಪ್ಯೂಟರು ನಮ್ಮ ನಕಾಶೆಯನ್ನು ನೋಡಿತು, ನೋಡಿ ತಿರಸ್ಕರಿಸಿತು. ಕಾರಣ ಬಾವಿ. ಬಾವಿಗೂ ಸಂಡಾಸದ ಹೊಲಸು ತುಂಬುವ ಟಾಕಿಗೂ ನಡುವೆ ಇಷ್ಟು ಅಂತರ ಇರಬೇಕು ಎಂದು ನಿಯಮವಿದೆ. ಮಾನೆ ಟಾಕಿಯನ್ನು ಹಿತ್ತಲಲ್ಲಿ, ಬಾವಿಯ ಪಕ್ಕದಲ್ಲೇ ತೋರಿಸಿದ್ದರು. ನಿಯಮ ಸರಿಯಾದದ್ದೇ, ಸಂಡಾಸದ ಪಕ್ಕದ ಬಾವಿಯ ನೀರನ್ನು ಯಾರು ಕುಡಿದಾರು? ಸಿಟ್ಟು ಬಂದದ್ದು ಮಾನೆ ಹುಡುಕಿದ ಉಪಾಯಕ್ಕೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವರು ಟಾಕಿಯನ್ನು ಇದ್ದಲ್ಲೇ ಬಿಟ್ಟು, ನಕಾಶೆಯಲ್ಲಿ ಬಾವಿಯ ಪಕ್ಕ ಸಣ್ಣ ಅಕ್ಷರದಲ್ಲಿ 'ಇದನ್ನು ಮುಚ್ಚಲಾಗುವುದು' ಎಂದು ಬರೆದುಬಿಟ್ಟರು.

"ವಹಿನಿ, ಕಾಗದದ ಮ್ಯಾಲ ಅಷ್ಟ ಮುಚ್ಚೂದು. ಖರೇ ಖರೇ ಯಾರ್ ಮುಚ್ಚಾಕ ಬರ್ತಾರ?" ಎಂದರು. ಮಾನೆ ನಮ್ಮೊಂದಿಗೆ ಕನ್ನಡ ಮಾತಾಡುತ್ತಿದ್ದರು, ಭರವಸೆ ಕೊಡುವಾಗ ಮಾತ್ರ ಮರಾಠಿ. "ಹೋವೂನ್ ಜಾಯೀಲ್."

ಕಂಪ್ಯೂಟರು ಒಪ್ಪಿತು. ನಾವು ಪೇಢೆ ಹಂಚುವುದೊಂದು ಬಾಕಿ. ಅಷ್ಟರಲ್ಲಿ ಆಫೀಸಿನಿಂದ ಸುದ್ದಿ ಬಂತು: ಬಾವಿ ಮುಚ್ಚಿದ್ದನ್ನು ಸಾಹೇಬರು ಜಾಗಕ್ಕೆ ಬಂದು ನೋಡುತ್ತಾರೆ, ಆಮೇಲೆ ಪರವಾನಗಿ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂದರೆ ಇದೇ.

ಅಂದು ಮನೆಯಲ್ಲಿ ದೊಡ್ಡ ಗದ್ದಲ. ಅತ್ತೆಗೆ ಯಾರೂ ಸುಳ್ಳು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಕೂಗಲಿಲ್ಲ, ಅಳಲಿಲ್ಲ. ಅಕ್ಕಿ ಆರಿಸುತ್ತಲೇ ಹೇಳಿದರು:

"ಬಾವಿ ಮುಚ್ಚಿದ್ರ ಮುಚ್ಚ್ರಿ. ನಿಮಗ ಮನಿ ಬೇಕಾಗೇದ. ನಾ ಸುಳಕೂಡ ಊರಿಗೆ, ಮಗಳ ಮನಿಗೆ ಹೋಗ್ತೀನಿ. ಅಕಿ ಹೊಲದಾಗ ಬಾವಿ ಐತಿ."

"ಅವ್ವಾ, ಯಾರೂ ಮುಚ್ಚಾಕತ್ತಿಲ್ಲ," ಎಂದರು ಇವರು. "ಒಂದ ದಿನದ ನಾಟಕ. ಸಾಹೇಬ ಬಂದ, ನೋಡಿದ, ಹ್ವಾದ. ಮರದಿನ ಮತ್ತ ನಿನ್ನ ಬಾವಿ ನಿನಗ."

ಅತ್ತೆ ಬಿಟ್ಟು ಹೋಗುತ್ತೇನೆ ಎಂದು ಹೆದರಿಸುವವರಲ್ಲ. ಹೇಳಿದರೆಂದರೆ ಗಂಟು ಕಟ್ಟಿದಂತೆಯೇ. ಅವರ ನೇಮಗಳಿಗೆ ನಾನು ಎಷ್ಟೋ ಸಲ ಸಿಡುಕಿದ್ದೇನೆ, ಒಂದೇ ಒಲೆಗೆ ಎರಡು ನೀರಿನ ಅಡುಗೆ ಮಾಡಿ ಮಾಡಿ ಬೇಸತ್ತಿದ್ದೇನೆ. ಆದರೂ ಅವರಿಲ್ಲದ ಮನೆಯ ಕಿಟಕಿಯಲ್ಲಿ ನಿಂತು ನಾನು ಯಾವ ರಸ್ತೆ ನೋಡಬೇಕಿತ್ತು?

ಸಾಹೇಬರು ಬರುವ ದಿನ ಗೊತ್ತಾಯಿತು, ಬೆಳಿಗ್ಗೆಯೇ ಬರುತ್ತಾರೆ ಎಂದರು. ಚೈತ್ರದ ಬಿಸಿಲು. ಅತ್ತೆ ಬಸ್ತಿಗೆ ಹೋದ ಹೊತ್ತಿನಲ್ಲಿ, ರಾತ್ರಿ ಪಾಳಿಯವರು ಮನೆಗೆ ಹೊರಡುವ ಮೊದಲು, ಇವರು ನಾಲ್ಕು ಆಳು ಹಿಡಿದು ಬಾವಿಯ ಬಾಯಿಗೆ ತಗಡು ಹಾಕಿಸಿದರು. ಅದರ ಮೇಲೆ ನೂಲು ಸುತ್ತುವ ಕಬ್ಬಿಣದ ಹಳೇ ಬೀಮುಗಳನ್ನು ಇಡಿಸಿದರು. ಸುತ್ತ ಮಣ್ಣು ಎಳೆಸಿ, ಹತ್ತಿಯ ಕಸ ಚೆಲ್ಲಿಸಿದರು. ನಿಜಕ್ಕೂ ಅಲ್ಲೊಂದು ಬಾವಿಯಿತ್ತೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಪಾಳಿ ಮುಗಿದ ಆಳುಗಳು ಮನೆಗೆ ಹೋದರು.

ಈ ಜಾಣತನದಲ್ಲಿ ನಾವೆಲ್ಲ ಒಂದು ಮಾತು ಮರೆತಿದ್ದೆವು. ಅತ್ತೆ ಬಸ್ತಿಯಿಂದ ಬಂದ ಮೇಲೆಯೇ ನೀರು ಸೇದುವುದು. ನಿನ್ನೆಯ ನೀರು ಇಂದಿಗೆ ನಡೆಯುವುದಿಲ್ಲ. ಎಂದರೆ ಹಿಂದಿನ ದಿನ ಹೊತ್ತು ಮುಳುಗುವ ಮೊದಲು ಕುಡಿದ ನೀರೇ ಅವರ ಕೊನೆಯ ನೀರು. ಓಣಿಯಲ್ಲಿ ಬೇರೆ ಬಾವಿಯೂ ಇರಲಿಲ್ಲ.

"ಬರ್ಲಿ ಬಿಡು, ಸಾಹೇಬ ಬಂದ ಹೋದಮ್ಯಾಲ ಸೇದಿದ್ರಾತು," ಎಂದು ಅತ್ತೆ ಕಟ್ಟೆಯ ಮೇಲೆ ಕೂತರು. ಅವರಿಗೆ ನಮ್ಮ ಮೇಲೆ ಸಿಟ್ಟಿರಲಿಲ್ಲ, ಅದನ್ನೇ ತಡೆದುಕೊಳ್ಳಲು ನನಗೆ ಆಗಲಿಲ್ಲ.

ಬೆಳಿಗ್ಗೆ ಕಳೆಯಿತು. ಮಾನೆಗೆ ಫೋನ್ ಮಾಡಿದರೆ, "ಹೊಂಟಾರ, ಹೊಂಟಾರ." ಮಧ್ಯಾಹ್ನವಾಯಿತು. "ಇನ್ನೊಂದ ಸೈಟಿನ್ಯಾಗ ಅದಾರ, ಹತ್ತು ಮಿನಿಟ." ತಗಡು ತೆಗೆಯೋಣ ಎಂದೆ. "ತೆಗದ ಹೊತ್ತಿಗೇ ಬಂದ್ರ ಏನ್ ಮಾಡೂದು? ಇಷ್ಟ ದಿನದ ತಿರಗಾಟ ನೀರಾಗ ಹೋಮ," ಎಂದು ಇವರು ಶೆಡ್ಡಿಗೆ ಹೋಗಿ ನಿಂತರು. ಮನೆಯಲ್ಲಿ ಎರಡು ಟಾಕಿ ತುಂಬ ನಳದ ನೀರಿತ್ತು, ಫ್ರಿಜ್ಜಿನಲ್ಲಿ ಬಾಟಲಿ ಇದ್ದವು, ನಾವೆಲ್ಲ ಕುಡಿದೆವು. ಅತ್ತೆ ಜಪಮಣಿ ಹಿಡಿದು ಕೂತೇ ಇದ್ದರು. ನಾನು ಒದ್ದೆ ಸೆರಗಿನಿಂದ ಅವರ ಪಾದ ಒರೆಸಿದೆ. "ಅತ್ತಿ, ಇವತ್ತೊಂದ ದಿನ ವ್ರತ ಮುರೀರಿ, ಪ್ರಾಯಶ್ಚಿತ್ತ ತಗೊಂಡ್ರಾತು," ಎಂದೆ. "ಒಂದ ದಿನ ಮುರಿಯೂದಿದ್ರ ಎಲ್ಲಾ ದಿನ ಯಾಕ ಹಿಡೀಬೇಕಾಗಿತ್ತವಾ?" ಎಂದರು. ಅವರ ನಾಲಿಗೆ ಅಂಟುತ್ತಿತ್ತು.

ಸಾಹೇಬರು ಬಂದಾಗ ಬಿಸಿಲು ಶೆಡ್ಡಿನ ಮೇಲೆ ಏರಿತ್ತು. ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮಧ್ಯವಯಸ್ಸಿನ, ದಿನವೆಲ್ಲ ಬಿಸಿಲಲ್ಲಿ ತಿರುಗಿ ಸೋತ ಮನುಷ್ಯ. ಕುರ್ಚಿ ಹಾಕಿದೆವು, ಚಹಾ ಕೊಟ್ಟೆವು. ಮಾನೆ ನಕಾಶೆ ಬಿಚ್ಚಿ ಬೀಮುಗಳ ರಾಶಿ ತೋರಿಸಿ, ಇದೇ ಜಾಗ, ಬಾವಿ ಮುಚ್ಚಿಯಾಯಿತು ಎಂದರು. ಸಾಹೇಬರು ಒಮ್ಮೆ ನೋಡಿದರು, ತಲೆಯಾಡಿಸಿದರು, ಫೋಟೋ ತೆಗೆದರು, ಜೇಬಿನಿಂದ ಪೆನ್ನು ತೆಗೆದರು. ಅಷ್ಟರಲ್ಲಿ ಅವರ ಫೋನ್ ಬಂತು.

ಮಗಳ ಮದುವೆಯ ಮಂಟಪದ ಮಾತು. ಊಟಕ್ಕೆ ಎಷ್ಟು ಬಗೆ, ಹೂವಿನವನು ಯಾರು, ಬೀಗರು ಏನಂದರು. ಪೆನ್ನು ಕೈಯಲ್ಲಿ, ಕಾಗದ ತೊಡೆಯ ಮೇಲೆ, ಮಾತು ಮಂಟಪದಲ್ಲಿ. ಇವರು ನನಗೆ ಕಣ್ಣಿನಲ್ಲೇ, ತಡಿ, ತಡಿ ಎನ್ನುತ್ತಿದ್ದರು. ಬಿಸಿಲು ಶೆಡ್ಡಿನ ತಗಡಿನ ಅಂಚಿಗೆ ಬಂತು. ನಾನು ಅತ್ತೆಯನ್ನು ನೋಡಿದೆ. ಅವರು ಸಾಹೇಬರನ್ನು ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಹೊತ್ತು ನೋಡುತ್ತಿದ್ದರು. ಇನ್ನು ಮುಳುಗಿತೆಂದರೆ ನಾಳೆ ಬೆಳಗಿನವರೆಗೆ ಒಂದು ಹನಿಯಿಲ್ಲ.

ತಿಂಗಳುಗಟ್ಟಲೆ ಒಳಗೇ ಕುದಿದದ್ದು ಆಗ ಉಕ್ಕಿತು.

"ಸಾಹೇಬ್ರ, ಫೋನ್ ಇಡ್ರಿ," ಎಂದೆ. "ಬಾವಿ ಮುಚ್ಚಿಲ್ಲ. ತುಂಬಿದ ಬಾವಿ ಐತಿ. ನಮ್ಮ ಅತ್ತಿ ನಿನ್ನಿ ಸಂಜಿಯಿಂದ ನೀರ ಕುಡದಿಲ್ಲ. ನಿಮ್ಮ ಸಹಿ ನಿಮ್ಮ ಹತ್ರಾನ ಇರ್ಲಿ, ಮೊದಲ ಈ ಬೀಮ್ ಹಿಡೀರಿ!"

ಕನ್ನಡದಲ್ಲೇ ಕೂಗಿದ್ದೆ. ಎಷ್ಟು ತಿಳಿಯಿತೋ, ಬಿಟ್ಟಿತೋ. ನಾನೇ ಹೋಗಿ ಒಂದು ಬೀಮಿಗೆ ಕೈ ಹಾಕಿದೆ, ಅದು ಅಲುಗಲಿಲ್ಲ. ಮಾನೆ ತಲೆಯ ಮೇಲೆ ಕೈ ಹೊತ್ತು ನಿಂತುಬಿಟ್ಟರು. ಇವರು ಒಂದು ಗಳಿಗೆ ನನ್ನನ್ನು ನುಂಗುವ ಹಾಗೆ ನೋಡಿ, ಆಮೇಲೆ ಅವ್ವನ ಮುಖ ನೋಡಿ, ಓಡಿ ಬಂದು ಇನ್ನೊಂದು ತುದಿ ಹಿಡಿದರು. ಆಮೇಲೆ ನೋಡಿದರೆ ಸಾಹೇಬರೂ ಅಂಗಿಯ ತೋಳು ಮಡಿಸಿಕೊಂಡು ಬಂದಿದ್ದರು. ಫೋನ್ ಕುರ್ಚಿಯ ಮೇಲೆ ಹಲೋ ಹಲೋ ಎನ್ನುತ್ತಿತ್ತು.

ತಗಡು ಸರಿಯಿತು. ಅತ್ತೆಗೆ ಎದ್ದು ನಿಲ್ಲಲು ಆಗಲಿಲ್ಲ, ನಾನೇ ಸೇದಿದೆ. ಅವರು ಕೂತಲ್ಲೇ ಬಟ್ಟೆ ಕಟ್ಟಿ ಸೋಸಿದರು, ಅವಸರವಿಲ್ಲದೆ. ಲವಂಗದ ಪುಡಿ ಉದುರಿಸಿದರು. ಮೊದಲ ತಂಬಿಗೆಯನ್ನು ಸಾಹೇಬರ ಕಡೆಗೆ ಚಾಚಿದರು.

"ಅತ್ತಿ, ನೀವ ಮೊದಲ ಕುಡೀರಿ!" ಎಂದು ನಾನು ಚೀರಿದೆ.

"ಮನಿಗೆ ಬಂದಾರ, ಬಿಸಲಾಗ ದಣದಾರ," ಎಂದರು.

ಸಾಹೇಬರು ಆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಆಗ ಅತ್ತೆ ಕುಡಿದರು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟೆ, ಅಳು ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಅತ್ತೆ ಬಟ್ಟೆ ತೊಳೆದು, ಜಿವಾಣಿಯ ಕೊಡಪಾನ ನನ್ನ ಕೈಗೆ ಕೊಟ್ಟು, "ಮೆಲ್ಲಕ ಇಳಸು," ಎಂದರು. ಇಳಿಸಿದೆ. ದಾರ ಜಗ್ಗಿದೆ. ಸಾಹೇಬರು ಬಾವಿಯೊಳಗೆ ಬಗ್ಗಿ ನೋಡುತ್ತಿದ್ದರು. ಇದೇನು ಎಂದು ಕೇಳಿದರು, ಇವರು ಮರಾಠಿಯಲ್ಲಿ ವಿವರಿಸಿದರು. ಬಿಸಿಲು ಶೆಡ್ಡಿನ ತಗಡಿನ ಅಂಚು ದಾಟಿತು.

ಸಾಹೇಬರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಆಜಿ, ಹೀ ವಿಹೀರ ಬುಜವಾಯಚೀ ನಾಹೀ," ಎಂದರು. ಅಜ್ಜಿ, ಈ ಬಾವಿ ಮುಚ್ಚಬಾರದು ಎಂದು ಅರ್ಥ. ಆಮೇಲೆ ಮಾನೆಯ ಕಡೆ ತಿರುಗಿ, ಅರ್ಜಿ ರದ್ದು, ಹೊಸ ನಕಾಶೆ ಕೊಡಿ ಎಂದರು. ಒಂದೇ ಉಸಿರಿನಲ್ಲಿ ದೇವರೂ ಆದರು, ಸಾಹೇಬರೂ ಆದರು. ಅಲ್ಲಿಗೆ ನಾವು ಸಂಕ್ರಾಂತಿಯ ಮರುದಿನಕ್ಕೆ ಬಂದು ನಿಂತೆವು.

ಹೊಸ ನಕಾಶೆಗೆ ಮಾನೆ ಈ ಸಲ ನಿಜವಾಗಿ ತಲೆ ಕೆಡಿಸಿಕೊಂಡರು. ಬಾವಿಯಿಂದ ದೂರ ಎಂದರೆ ನಮ್ಮ ಜಾಗದಲ್ಲಿ ಒಂದೇ ಮೂಲೆ, ರಸ್ತೆಯ ಕಡೆಯದು. ಟಾಕಿ ಅಲ್ಲಿ. ಟಾಕಿಯ ಪಕ್ಕದಲ್ಲಿ ಸಂಡಾಸ. ನನ್ನ ಸಣ್ಣ ಕೋಣೆ, ದೊಡ್ಡ ಕಿಟಕಿ ಇರಬೇಕಾಗಿದ್ದ ಜಾಗ ಅದೇ. ಮಾನೆ ಪೆನ್ಸಿಲ್ಲಿನಿಂದ ನನ್ನ ಕಿಟಕಿಯನ್ನು ಅಳಿಸುವುದನ್ನು ಎದುರಿಗೇ ಕೂತು ನೋಡಿದೆ.

"ವೆಂಟಿಲೇಟರ್ ಇರತದ್ರಿ ವಹಿನಿ, ರಸ್ತೆ ಕಡೇನ," ಎಂದು ಸಮಾಧಾನ ಹೇಳಿದರು. ಅದರೊಳಗಿಂದ ರಸ್ತೆ ನೋಡಬೇಕಾದರೆ ಎಲ್ಲಿ ಹತ್ತಿ ನಿಲ್ಲಬೇಕೆಂದು ಕೇಳಲಿಲ್ಲ.

ನಕಾಶೆ ಹೊಸದಾದರೆ ಸಹಿಗಳೂ ಹೊಸವು ಬೇಕು. ಜಾಗದ ಮೇಲೆ ಆದಪ್ಪ ಕಾಕಾ ಅವರ ಹೆಸರೂ ಇತ್ತು. ಮೊದಲ ಸಲ ಗಡಹಿಂಗ್ಲಜಕ್ಕೆ ಹೋದಾಗ ಕಾಕಾ ಹೋಳಿಗೆ ಹಾಕಿಸಿ ಕಣ್ಣು ಮುಚ್ಚಿ ಸಹಿ ಮಾಡಿದ್ದರು. ಈ ಸಲ ಕನ್ನಡಕ ಏರಿಸಿ ನಕಾಶೆ ನೋಡಿದರು.

"ರಸ್ತೇಕ ಮಾರಿ ಮಾಡಿ ಸಂಡಾಸ? ಏನ್ ಶೀತಲ್, ಬುದ್ಧಿ ಐತಿಲ್ಲ? ನಾಳೆ ಮಂದಿ ನಮ್ಮ ಮನೀ ಗುರ್ತ ಹೆಂಗ ಹೇಳ್ತಾರ? ಸಂಡಾಸದ ಮನಿ ಅಂತಾರ. ನಾ ಸಹಿ ಮಾಡೂದಿಲ್ಲ."

ನಾವು ಬರಿಗೈಯಲ್ಲಿ ಬಸ್ ಹತ್ತಿ ಬಂದೆವು. ಮಾನೆ ಹೋವೂನ್ ಜಾಯೀಲ್ ಎನ್ನುವುದನ್ನೇ ಬಿಟ್ಟಿದ್ದರು. ಅದು ಬಿಟ್ಟ ಮೇಲೆಯೇ ನನಗೆ ನಿಜವಾಗಿ ಹೆದರಿಕೆಯಾಯಿತು.

ಕೊನೆಗೆ ಅತ್ತೆಯೇ ಎದ್ದರು. ತಮ್ಮ ನೀರು ತಾವು ಕಟ್ಟಿಕೊಂಡು, ನನ್ನ ಜೊತೆ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಬಂದರು. ಮೈದುನನ ಮನೆಯಲ್ಲಿ ಏನೂ ಮುಟ್ಟುವಂತಿರಲಿಲ್ಲ, ಅಲ್ಲಿಯೂ ನಳದ ನೀರೇ. ಕಾಕಾ ಮತ್ತೆ ಅದೇ ರಾಗ ತೆಗೆದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಆದಪ್ಪಾ, ಆ ಬಾವಿ ತೋಡೂ ಮುಂದ ಕಲ್ಲ ಹತ್ತಿತ್ತು. ನಿಮ್ಮಣ್ಣ ಬಿಡೂನು ಅಂದ್ರು. ಇನ್ನೊಂದ ಮೊಳ ನೋಡೂನು ಅಂದಾಂವ ಯಾರು?"

ಕಾಕಾ ನಕಾಶೆಯ ಮೇಲಿಂದ ತಲೆ ಎತ್ತಿದರು.

"ನೀನ ಅಂದಿ. ಒಂದ ಮೊಳಕ್ಕ ನೀರ ಬಂತು. ಇಲ್ಲಿತನ ಅದರ ಮ್ಯಾಲ ಬದಕೇನಿ. ಮಂದಿ ಏನ್ ಬೇಕಾದ್ದ ಅನಲಿ. ಸಂಡಾಸದ ಮನಿ ಅಂದ್ರ ಅನಲಿ."

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು, ಬಹಳ ಹೊತ್ತು ಒರೆಸಿದರು. ಆಮೇಲೆ ಪೆನ್ನು ಕೇಳಿದರು.

ಮತ್ತೆ ಸರ್ವರ್, ಮತ್ತೆ ಸಾಹೇಬರು, ಮತ್ತೆ ಉದ್ಯಾ ಯಾ. ಮಾವಿನ ಹಣ್ಣು ಬಂದು ಹೋಯಿತು. ಮಳೆ ಹಿಡಿಯಿತು. ಹಿಂಗೋಡೆಗೆ ಬಿದಿರಿನ ಆಸರೆ ಕೊಟ್ಟು ಮಲಗುತ್ತಿದ್ದೆವು. ಆಷಾಢದಲ್ಲಿ ಒಂದು ಮಧ್ಯಾಹ್ನ ಕ್ಲರ್ಕು ತಾನೇ ಫೋನ್ ಮಾಡಿ, ವಹಿನಿ, ಆಜ್ ಯಾ, ಇವತ್ತೇ ಬನ್ನಿ ಎಂದ. ಅವನ ಬಾಯಲ್ಲಿ ಆಜ್ ಎಂಬ ಮಾತು ಕೇಳಿ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಪರವಾನಗಿ ಬಂದಿತ್ತು. ಕೆಳಗೆ ಷರತ್ತುಗಳ ಸಾಲಿನಲ್ಲಿ ಒಂದನ್ನು ಕೈಯಲ್ಲೇ ಸೇರಿಸಿದ್ದರು: ಜಾಗದಲ್ಲಿರುವ ಬಾವಿಯನ್ನು ಇದ್ದಂತೆಯೇ ಕಾಪಾಡಬೇಕು, ಮುಂದೆ ಮುಚ್ಚಬೇಕಾದಲ್ಲಿ ಪ್ರತ್ಯೇಕ ಪರವಾನಗಿ ಪಡೆಯತಕ್ಕದ್ದು. ಕೈಬರಹ ಆ ಸಾಹೇಬರದೇ.

ಓಡಿ ಬಂದು ಅತ್ತೆಯ ಪಾದದ ಬಳಿ ಕಾಗದವಿಟ್ಟು, ನಾಳೆಯೇ ಪಾಯ ತೋಡಿಸೋಣ ಎಂದೆ.

"ನಾಳೆ? ಇನ್ನ ಚಾತುರ್ಮಾಸ ಹತ್ತತು," ಎಂದರು ಅತ್ತೆ, ಬಹಳ ಶಾಂತವಾಗಿ. "ಮಳಿಗಾಲದಾಗ ಭೂಮಿ ತುಂಬ ಜೀವ ಇರತಾವ. ಗುದ್ದಲಿ ಹಾಕೂದ ಬ್ಯಾಡ. ದೀಪಾವಳಿ ಆದಮ್ಯಾಲ ನೋಡೂನು."

ನಾನು ಒಳಗೆ ಹೋಗಿ ತಲೆದಿಂಬಿಗೆ ಮುಖ ಒತ್ತಿ ಕೂಗಿದೆ. ಆಫೀಸು ಬಿಟ್ಟಿತು ಎಂದರೆ ಅತ್ತೆ ಹಿಡಿದರು. ಆದರೆ ದೀಪಾವಳಿಯವರೆಗೆ ಕಾದೆವು, ಬಿದಿರಿನ ಆಸರೆಯಲ್ಲೇ. ಹೇಗೋ ಗೋಡೆ ನಿಂತಿತು.

ಮನೆಯಾಯಿತು. ಕಾಕಾ ಹೇಳಿದ್ದು ಸುಳ್ಳಾಗಲಿಲ್ಲ. ಓಣಿಯವರು ನಮ್ಮ ಮನೆಗೆ ಇಟ್ಟಿರುವ ಗುರುತು ಅದೇ. ಪಾರ್ಸಲ್ ತರುವವರಿಗೆ ನಾನೂ ಈಗ ಹಾಗೆಯೇ ಹೇಳುತ್ತೇನೆ, ಮುಂದೆ ಸಂಡಾಸ ಕಂಡಿತೆಂದರೆ ಅದೇ ಮನೆ. ಅತ್ತೆ ಹೊಸ ಅಡುಗೆಮನೆಯಲ್ಲಿ ತಮ್ಮ ಬಾವಿಯ ನೀರಿನಿಂದ ಹಾಲುಕ್ಕಿಸಿದರು, ಬಸ್ತಿಗೆ ಬಂದ ಮುನಿಗಳಿಗೆ ಆಹಾರ ಕೊಟ್ಟರು. ಆಮೇಲೆ ಒಂದು ಚಳಿಗಾಲ ಮೂರು ದಿನ ಮಲಗಿ ಹೋಗಿಬಿಟ್ಟರು. ಕೊನೆಯ ದಿನವೂ ಜಿವಾಣಿ ಇಳಿಸಿದೆಯಾ ಎಂದು ಕೇಳಿದ್ದರು. ಇಳಿಸಿದೆ ಎಂದಿದ್ದೆ, ಇಳಿಸಿಯೂ ಇದ್ದೆ.

ಅಂದು ಕೊಲ್ಹಾಪುರದಿಂದ ಬರುವಾಗ, ಆ ಲವಂಗದ ನೀರಿನ ರುಚಿ ಇನ್ನೂ ನನ್ನ ಬಾಯಲ್ಲಿದ್ದಾಗಲೇ, ಇವರು ಮೆಲ್ಲಗೆ ಮಾತು ತೆಗೆದರು. ಕಾರು ಬಿಸಿಲಿಗೆ ನಿಂತು ಬಣ್ಣ ಹೋಗುತ್ತಿದೆ. ಹಿಂದಿನ ಮೂಲೆ ಸುಮ್ಮನೆ ಬಿದ್ದಿದೆ. ಅವ್ವನೂ ಇಲ್ಲ, ಆ ಬಾವಿಯ ನೀರನ್ನು ಈಗ ಯಾರು ಕುಡಿಯುತ್ತಾರೆ?

ದಿನಾ ಮುಂಜಾನೆ ಶೆಡ್ಡಿಗೆ ಹೋಗುವ ಗಂಡಸಿಗೆ ತನ್ನ ಮನೆಯಲ್ಲಿ ಯಾರು ಯಾವ ನೀರು ಕುಡಿಯುತ್ತಾರೆ ಎಂದು ಗೊತ್ತಿರಲಿಲ್ಲ. ನಾನು ವ್ರತ ತೆಗೆದುಕೊಂಡಿಲ್ಲ, ಸಂಜೆಯ ಮೇಲೆ ಉಣ್ಣುತ್ತೇನೆ, ಬೇರೆಯವರ ಮನೆಯಲ್ಲಿ ಏನು ಕೊಟ್ಟರೂ ಕುಡಿಯುತ್ತೇನೆ. ಆದರೆ ಅತ್ತೆ ಹೋದ ಮರುದಿನ ಬಾವಿಯ ಹಗ್ಗ ಹಿಡಿದ ನನ್ನ ಕೈ ನಿಂತಿಲ್ಲ, ದಿನವೂ ಸೇದಿ, ಸೋಸಿ, ಅದೇ ನೀರು ಕುಡಿಯುತ್ತೇನೆ. ಅದನ್ನೆಲ್ಲ ಕಾರಿನಲ್ಲಿ ಕೂತು ಹೇಳಲು ನನಗೆ ಬರಲಿಲ್ಲ. ಆ ವರ್ಷವೆಲ್ಲ ನಾನು ಹಿಡಿಶಾಪ ಹಾಕಿದ್ದ ಆಫೀಸೇ ಆಗ ನನ್ನ ಕೈ ಹಿಡಿಯಿತು.

"ಮುಚ್ಚೂಣಂತ, ಅದಕ್ಕೇನು," ಎಂದೆ. "ಆದ್ರ ಅದಕ್ಕ ಪರವಾನಗಿ ಬೇಕ್ರಿ. ಬರದಾರಲ್ಲ ಸಾಹೇಬ್ರು. ಹೊಸಾ ನಕಾಶಾ ತಗಸ್ರಿ, ಕಾಕಾನ ಸಹಿ ತರ್ರಿ, ಆಫೀಸಿಗೆ ಹೋಗ್ರಿ. ಈ ಸಲ ನೀವ ಹೋಗ್ರಿ, ನಾ ಬರೂದಿಲ್ಲ."

ಮರುದಿನ ಇವರು ಪೇಟೆಯಿಂದ ಬರುವಾಗ ಬಾವಿಗೆ ಹೊಸ ಹಗ್ಗ ತಂದಿದ್ದರು.